ತಲೆಸುತ್ತಿನ ಮಾತ್ರೆಯಿಂದ ಆಯಸ್ಸು ಜಾಸ್ತಿಯಾಗುತ್ತಾ?

ಪ್ರಶ್ನೆ: ನನಗೆ 67 ವರ್ಷ. ಮಂಗಳೂರಿಗೆ ಮಗಳ ಮನೆಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುತ್ತದೆ, ಅದಕ್ಕೇ ಮೆಕ್ಲಿಜಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಇದನ್ನು ದಿನಾ ತಗೊಂಡರೆ ಆಯಸ್ಸು ಹೆಚ್ಚುತ್ತದಂತೆ ಎಂದು ಅಳಿಯ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ರಾತ್ರಿ ಒಂದೊಂದು ನುಂಗಲೇ? ಹೇಗೂ ಎರಡು ಸಲ ಮೂತ್ರಕ್ಕೆ ಏಳುತ್ತೇನೆ, ನಿದ್ದೆಯಾದರೂ ಬರಲಿ.
– ಒಬ್ಬ ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ದಯವಿಟ್ಟು ದಿನಾ ನುಂಗಬೇಡಿ ಸಾರ್. ಅಳಿಯ ಕಳಿಸಿದ ಸುದ್ದಿಗೆ ಆಧಾರವಿದೆ, ಆದರೆ ಅದು ಇಲಿಗಳ ಸುದ್ದಿ. ಅಮೆರಿಕದಲ್ಲಿ ಒಂದೇ ಔಷಧವನ್ನು ಮೂರು ಬೇರೆ ಬೇರೆ ಲ್ಯಾಬ್‌ಗಳಲ್ಲಿ ಇಲಿಗಳಿಗೆ ಕೊಟ್ಟು ನೋಡುವ ಸರ್ಕಾರಿ ಯೋಜನೆಯೊಂದಿದೆ. ಅಲ್ಲಿ ಮೆಕ್ಲಿಜಿನ್ ತಿಂದ ಗಂಡು ಇಲಿಗಳ ಆಯಸ್ಸು ಸುಮಾರು ಶೇ. 8ರಷ್ಟು ಹೆಚ್ಚಿತು. ಹೆಣ್ಣು ಇಲಿಗಳಿಗೆ ಲಾಭವಾಗಲಿಲ್ಲ. ಜೀವಕೋಶದ ಬೆಳವಣಿಗೆಗೆ ಎಂಟಾರ್ ಎಂಬ ಪ್ರೋಟೀನ್ ಬೇಕು, ಅದನ್ನು ತಗ್ಗಿಸಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆ; ಮೆಕ್ಲಿಜಿನ್ ಅದನ್ನು ತಗ್ಗಿಸುವಂತೆ ಕಂಡಿದ್ದರಿಂದಲೇ ವಿಜ್ಞಾನಿಗಳಿಗೆ ಇದರ ಮೇಲೆ ಕಣ್ಣು ಬಿದ್ದಿದ್ದು. ನನಗೂ ಇದು ಕುತೂಹಲದ ವಿಷಯವೇ. ಆದರೆ ಮನುಷ್ಯರ ಆಯಸ್ಸು ಹೆಚ್ಚಿಸುತ್ತದೆ ಎಂದು ಯಾರೂ ತೋರಿಸಿಲ್ಲ.

ಈ ಮಾತ್ರೆ ಮಿದುಳಿಗೆ ಹೋಗಿ ಹಿಸ್ಟಮೈನ್ ಎಂಬ ರಾಸಾಯನಿಕ ಕೂರುವ ಜಾಗವನ್ನು ಮುಚ್ಚುತ್ತದೆ. ವಾಕರಿಕೆ ನಿಲ್ಲುವುದೂ ಅದರಿಂದ, ತೂಕಡಿಕೆ ಬರುವುದೂ ಅದರಿಂದ. ಜೊತೆಗೆ ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ಗೂ ಅಡ್ಡ ಬರುತ್ತದೆ: ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಮೂತ್ರ ಕಟ್ಟಿಕೊಳ್ಳಬಹುದು. ಪ್ರಾಸ್ಟೇಟ್ ದೊಡ್ಡದಾಗಿದ್ದರಂತೂ ಜಾಸ್ತಿ. ನೀವು ರಾತ್ರಿ ಎರಡು ಸಲ ಏಳುತ್ತೀರಿ ಅಂದಿರಲ್ಲ, ನನಗೆ ಭಯ ಅಲ್ಲೇ. ಮಂಪರಿನಲ್ಲಿ ಎದ್ದು, ಲೈಟ್ ಹಾಕದೆ, ಒದ್ದೆ ಬಚ್ಚಲಿಗೆ ಕಾಲಿಟ್ಟರೆ ಸೊಂಟದ ಮೂಳೆ ಹೋಗುತ್ತದೆ. ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಆಯಸ್ಸೇ ಕಡಿಮೆಯಾಗಬಹುದು. 65 ದಾಟಿದವರು ಹಿಸ್ಟಮೈನ್ ತಡೆಯುವ ಇಂಥ ಹಳೇ ಕಾಲದ ಆಂಟಿಹಿಸ್ಟಮಿನ್‌ಗಳಿಂದ ಆದಷ್ಟು ದೂರವಿರಬೇಕು ಎಂದು ವೃದ್ಧರ ಚಿಕಿತ್ಸೆಯ ತಜ್ಞರು ಹೇಳುವುದು ಸುಮ್ನೆ ಅಲ್ಲ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಜಾಸ್ತಿ ಕಂಡ ಅಧ್ಯಯನಗಳೂ ಇವೆ, ಆದರೆ ಮಾತ್ರೆಯೇ ಕಾರಣ ಎಂದು ಅವು ಸಾಬೀತು ಮಾಡಿಲ್ಲ.

ಘಾಟಿ ಪ್ರಯಾಣಕ್ಕೆ ಮಾತ್ರ ಬೇಕಾದರೆ, ಮೊದಲು ನಿಮ್ಮ ಡಾಕ್ಟರಿಗೆ ಪ್ರಾಸ್ಟೇಟ್ ಮತ್ತು ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ವಿಷಯ ಹೇಳಿ ಕೇಳಿ. ಅವರು ಸರಿ ಅಂದರೆ ಬಸ್ ಹತ್ತುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ, ಮುಂದಿನ ಸೀಟು ಹಿಡಿಯಿರಿ. ಬೆಂಗಳೂರಿನ ಧೂಳಿಗೆ ಮೂಗು ಸೋರುತ್ತದೆ ಎಂದು ಅದೇ ದಿನ ಸೆಟ್ರಿಜಿನ್, ಅವಿಲ್ ಸೇರಿಸಬೇಡಿ, ಮಂಪರು ಇನ್ನೂ ಏರುತ್ತದೆ. ರಾತ್ರಿ ಪದೇ ಪದೇ ಏಳುವುದನ್ನೂ ಅವರಿಗೇ ತಿಳಿಸಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ.