ಒತ್ತಕ್ಷರ ಕತ್ತರಿಸೋ ಬಟನ್ನು, ‘ಕನಾರ್ಟಕ’ ಆದ ಕರ್ನಾಟಕ: ಕನ್ನಡ ವೆಬ್‌ಸೈಟ್ ಕಟ್ಟೋರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಕನ್ನಡ ವೆಬ್‌ಸೈಟ್ ಮಾಡೋರದ್ದೇ, ಅದಕ್ಕೆ ಒಟ್ಟಿಗೆ ಇಟ್ಕೊಂಡು ಉತ್ತರ ಬರೀತಿದ್ದೀನಿ. ಬರೀಬೇಕಾದ್ರೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು, ಎಲ್ಲರೂ ಸೈಟನ್ನ ಪೂರ್ತಿ ಇಂಗ್ಲಿಷಲ್ಲಿ ಕಟ್ಟಿ ಮುಗಿಸಿ ಕೊನೆ ವಾರ ಕನ್ನಡ ತುಂಬ್ತಿದ್ದಾರೆ, ತೊಂದರೆ ಎಲ್ಲ ಅಲ್ಲಿಂದಾನೇ ಶುರು.

ಪ್ರಶ್ನೆ: ದಾವಣಗೆರೆಯಲ್ಲಿ ಅಂಗಡಿಗಳಿಗೆ ಸೈಟ್ ಮಾಡ್ಕೊಡ್ತೀನಿ ಸಾರ್. ಸೀರೆ ಅಂಗಡಿ ಒಂದಕ್ಕೆ ಎರಡೂ ಭಾಷೆಲಿ ಮಾಡಿದೆ. ಇಂಗ್ಲಿಷಲ್ಲಿ ಚೆನ್ನಾಗಿದೆ, ಕನ್ನಡಕ್ಕೆ ಬದಲಾಯಿಸಿದ್ರೆ ಹೆಡ್ಡಿಂಗಲ್ಲಿ ಒತ್ತಕ್ಷರ ಕೆಳಗೆ ಕಟ್ ಆಗತ್ತೆ, ಬಟನ್ನಿಂದ ಅಕ್ಷರ ಆಚೆ ಬರತ್ತೆ. ಫಾಂಟ್ ಸೈಜ್ ಕಮ್ಮಿ ಮಾಡ್ಲಾ?

ಉತ್ತರ: ಸೈಜ್ ಮಾತ್ರ ಮುಟ್ಟಬೇಡಿ. ಅಂಗಡಿಗೆ ಬರೋ ಗಿರಾಕಿಗಳಲ್ಲಿ ಅರವತ್ತು ದಾಟಿದೋರೂ ಇರ್ತಾರೆ, ಅವರು ಫೋನ್‌ನಲ್ಲೇ ನೋಡೋದು, ಮೊದಲೇ ಕನ್ನಡ ಅಕ್ಷರದಲ್ಲಿ ಸುರುಳಿ ಜಾಸ್ತಿ, ಇನ್ನೂ ಸಣ್ಣ ಮಾಡಿದ್ರೆ ಓದೋಕೇ ಆಗಲ್ಲ. ತಪ್ಪು ಇರೋದು ಲೈನ್-ಹೈಟಲ್ಲಿ, ಅಂದ್ರೆ ಒಂದು ಸಾಲಿಗೆ ಬಿಡೋ ಎತ್ತರದಲ್ಲಿ. ‘ಮಹಾಲಕ್ಷ್ಮಿ’ ಅನ್ನೋ ಪದದ ಕೊನೆ ಅಕ್ಷರ ಒಂದು ನೋಡಿ, ‘ಕ್ಷ್ಮಿ’. ಮೇಲೆ ಗುಡಿಸು, ನಡುವೆ ಕ, ಅದರ ಕೆಳಗೆ ಷ ಒತ್ತು, ಅದಕ್ಕೆ ಅಂಟ್ಕೊಂಡು ಮ ಒತ್ತು. ಇಂಗ್ಲಿಷ್ ಡಿಸೈನಲ್ಲಿ ಹೆಡ್ಡಿಂಗಿಗೆ ಅಕ್ಷರದ ಸೈಜಿನ 1.1, 1.2 ಪಟ್ಟು ಅಂತ ಲೈನ್-ಹೈಟ್ ಕೊಟ್ಟಿರ್ತಾರೆ, ಅಷ್ಟು ಜಾಗದಲ್ಲಿ ಈ ಸಂಸಾರ ಹಿಡಿಯಲ್ಲ. ಕನ್ನಡಕ್ಕೆ ಹೆಡ್ಡಿಂಗಿಗೆ 1.4, ಲೇಖನದ ಪಠ್ಯಕ್ಕೆ 1.6ರಿಂದ 1.75 ನಾನು ಇಡೋದು. ಆಮೇಲೆ ಬಟನ್, ಕಾರ್ಡ್ ಯಾವುದಕ್ಕೂ ಪಿಕ್ಸೆಲ್‌ನಲ್ಲಿ ಎತ್ತರ ಕಟ್ಟಬೇಡಿ, ಮಿನ್-ಹೈಟ್ (ಕನಿಷ್ಠ ಎತ್ತರ) ಕೊಟ್ಟು ಒಳಗೆ ಸುತ್ತ ಪ್ಯಾಡಿಂಗ್ ಜಾಗ ಕೊಡಿ, ಅಕ್ಷರ ಎಷ್ಟು ಕೇಳತ್ತೋ ಅಷ್ಟು ಬೆಳೀಲಿ. ಎರಡು ಸಾಲಿಗೆ ಕಟ್ ಮಾಡಿ ಚುಕ್ಕಿ ಹಾಕೋ ಲೈನ್-ಕ್ಲ್ಯಾಂಪ್ ಹಾಕಿದ್ರೆ ಆಚೆ ಬಂದಿದ್ದನ್ನ ಮರೆ ಮಾಡೋ ಓವರ್‌ಫ್ಲೋ ಹಿಡನ್ ಕೂಡ ಜೊತೆಗೇ ಬಂದಿರತ್ತೆ, ಕೊನೆ ಸಾಲಿನ ಒತ್ತು ಕತ್ತರಿಸ್ತಿರೋದು ಅದೇ. ಅಲ್ಲಿ ಲೈನ್-ಹೈಟ್ ಇನ್ನೊಂಚೂರು ಎತ್ತಿ ಸಾಲಿನ ಒಳಗೇ ಒತ್ತಿಗೆ ಜಾಗ ಮಾಡ್ಕೊಡಿ.

ಇದೆಲ್ಲ ಕನ್ನಡ ಪುಟಕ್ಕೆ ಮಾತ್ರ ಅನ್ವಯ ಆಗ್ಬೇಕು ಅಂದ್ರೆ ಎಚ್‌ಟಿಎಂಎಲ್ ಟ್ಯಾಗಲ್ಲಿ ಲ್ಯಾಂಗ್ ಅನ್ನೋ ಆಟ್ರಿಬ್ಯೂಟಿಗೆ ಕೆ-ಎನ್ (kn) ಅಂತ ಬರೀರಿ, ಪುಟದ ಅಂದ ಹೇಳೋ ಸಿಎಸ್‌ಎಸ್ಸಲ್ಲಿ ಅದೇ ಭಾಷೆ ಹಿಡಿಯೋ ಸೆಲೆಕ್ಟರ್ ಇದೆ, ಅದರೊಳಗೆ ಇವನ್ನೆಲ್ಲ ಹಾಕಿ. ಆ ಎರಡಕ್ಷರ ಬರಿ ಸ್ಟೈಲಿಗಲ್ಲ. ಕಣ್ಣು ಕಾಣದೋರು ಬಳಸೋ ಸ್ಕ್ರೀನ್ ರೀಡರ್ ಅದನ್ನ ನೋಡಿನೇ ಕನ್ನಡ ಧ್ವನಿಗೆ ಬದಲಾಗೋದು. ಎಷ್ಟೋ ಕನ್ನಡ ಸೈಟಲ್ಲಿ ಟೆಂಪ್ಲೇಟ್ ಜೊತೆ ಬಂದ ಇ-ಎನ್ ಹಾಗೇ ಕೂತಿರತ್ತೆ, ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಅರ್ಧ ನಿಮಿಷದ ಕೆಲಸ ಅದು. ಹಾಗೇ ಕನ್ನಡಕ್ಕೆ ಲೆಟರ್-ಸ್ಪೇಸಿಂಗ್ (ಅಕ್ಷರದ ನಡುವೆ ಹೆಚ್ಚಿಗೆ ಬಿಡೋ ಜಾಗ) ಸೊನ್ನೆ ಮಾಡಿ, ಇಲ್ಲಾಂದ್ರೆ ಕೆಲವು ಫಾಂಟಲ್ಲಿ ಒತ್ತಕ್ಷರ ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಜರುಗತ್ತೆ. ಹೆಚ್ಚಿನ ಕನ್ನಡ ಫಾಂಟ್‌ಗಳಿಗೆ ಇಟಾಲಿಕ್ ಇಲ್ಲ, ನೀವು ಇಟಾಲಿಕ್ ಅಂದ್ರೆ ಬ್ರೌಸರ್ ನೆಟ್ಟಗಿರೋ ಅಕ್ಷರನೇ ಓರೆ ಮಾಡಿ ತೋರ್ಸತ್ತೆ, ನೋಡೋಕೆ ಚೆನ್ನಾಗಿರಲ್ಲ. ಪದ ಎದ್ದು ಕಾಣ್ಬೇಕಾದ್ರೆ ಬೋಲ್ಡ್ ಮಾಡಿ, ಅದೂ ಫಾಂಟಿನ ನಿಜವಾದ ಬೋಲ್ಡ್ ಫೈಲ್ ಲೋಡ್ ಮಾಡಿ.

ಪ್ರಶ್ನೆ: ಕನ್ನಡಕ್ಕೆ ಯಾವ ಫಾಂಟ್ ಒಳ್ಳೇದು? ಹಾಕಿದ ಮೇಲೆ ಸೈಟ್ ಸ್ಲೋ ಆಯ್ತು, ಓದ್ತಾ ಇರೋವಾಗ್ಲೇ ಪುಟ ಜಿಗಿಯತ್ತೆ. (ಮಂಗಳೂರಿಂದ)

ಉತ್ತರ: ಹತ್ತು ವರ್ಷದ ಹಿಂದೆ ಈ ಪ್ರಶ್ನೆ ಕೇಳಿದ್ರೆ ತುಂಗಾ ಇಲ್ಲ ನಿರ್ಮಲಾ, ವಿಂಡೋಸಲ್ಲಿ ಏನಿದ್ಯೋ ಅದು ಅಂತಿದ್ದೆ. ಈಗ ಗೂಗಲ್ ಫಾಂಟ್ಸಲ್ಲೇ ಆಯ್ಕೆ ಇದೆ. ಪುಟದ ತುಂಬ ಬಳಸೋಕೆ ನೋಟೋ ಸಾನ್ಸ್ ಕನ್ನಡ, ಉದ್ದ ಲೇಖನ, ಕಥೆ, ಕವಿತೆಗೆ ನೋಟೋ ಸೆರಿಫ್ ಇಲ್ಲ ಟಿರೋ ಕನ್ನಡ. ನನ್ನ ಕೈ ಮೊದ್ಲು ಹೋಗೋದು ಏಕ್ ಟೈಪ್ ಅನ್ನೋ ಫಾಂಟ್ ಸಂಸ್ಥೆಯವರ ಅನೇಕ್ ಕನ್ನಡಕ್ಕೆ, ಅದು ವೇರಿಯಬಲ್ ಫಾಂಟು, ಒಂದೇ ಫೈಲಲ್ಲಿ ತೆಳ್ಳಗಿಂದ ದಪ್ಪದವರೆಗೆ ಎಲ್ಲ ತೂಕ ಸಿಗತ್ತೆ, ಅಗಲನೂ ಹೆಚ್ಚು ಕಮ್ಮಿ ಮಾಡ್ಬೋದು, ಕನ್ನಡದ ಉದ್ದ ಪದ ಸಣ್ಣ ಬಟನ್ನಲ್ಲಿ ಹಿಡಿಸ್ಬೇಕಾದಾಗ ಇದು ಎಷ್ಟು ಉಪಕಾರ ಅಂತ ಬಳಸಿದೋರಿಗೇ ಗೊತ್ತು. ‘ಬಾಲೂ ತಮ್ಮ’ ಅನ್ನೋ ಫಾಂಟ್ ಹೆಡ್ಡಿಂಗಿಗೆ ಚೆಂದ, ಪ್ಯಾರಾಗೆ ಬೇಡ.

ಸ್ಲೋ ಯಾಕಾಯ್ತು ಅಂದ್ರೆ, ಕನ್ನಡ ಫಾಂಟಲ್ಲಿ ಸುಮಾರು ಐವತ್ತು ಅಕ್ಷರ ಮಾತ್ರ ಇರಲ್ಲ, ಗುಣಿತಾಕ್ಷರ, ಒತ್ತು ಎಲ್ಲಕ್ಕೂ ಬೇರೆ ಬೇರೆ ಆಕಾರ ಬೇಕು, ಅದನ್ನ ಜೋಡಿಸೋ ನಿಯಮದ ಪಟ್ಟಿನೂ ಫೈಲೊಳಗೇ ಇರತ್ತೆ. ಅದಕ್ಕೆ ಟಿಟಿಎಫ್ ಫೈಲ್ ಹಾಗೇ ಹಾಕ್ಬೇಡಿ, ವೆಬ್ಬಿಗೆ ಅಂತ ಸಣ್ಣ ಮಾಡಿದ ವಾಫ್ 2 ರೂಪಕ್ಕೆ ತಂದು ಹಾಕಿ, ನಿಮ್ಮ ಸರ್ವರಲ್ಲೇ ಇಡಿ. ಗೂಗಲ್‌ನಿಂದ ತಂದ್ರೆ ಬೇರೆ ಸೈಟಿಗೆ ಹೋದಾಗ್ಲೇ ಡೌನ್‌ಲೋಡ್ ಆಗಿರತ್ತೆ ಅನ್ನೋ ನಂಬಿಕೆ ಇನ್ನೂ ಇದೆ, 2020ರಲ್ಲಿ ಕ್ರೋಮ್ ಒಂದೊಂದು ಸೈಟಿಗೂ ಕ್ಯಾಶ್ (ಡೌನ್‌ಲೋಡ್ ಆದದ್ದನ್ನ ಇಟ್ಕೊಳ್ಳೋ ಜಾಗ) ಬೇರೆ ಮಾಡಿದ ಮೇಲೆ ಆ ಲಾಭ ಇಲ್ಲ. ಫಾಂಟನ್ನ ಸಣ್ಣ ಮಾಡೋಕೆ ಸಬ್‌ಸೆಟ್ ಮಾಡೋವಾಗ, ಅಂದ್ರೆ ಬೇಡದ ಭಾಗ ತೆಗೆಯೋವಾಗ ಮಾತ್ರ ಹುಷಾರು. ಬರಿ ಅಕ್ಷರ ಇಟ್ಕೊಂಡು ಜೋಡಣೆಯ ನಿಯಮ ಕಿತ್ತು ಹಾಕಿದ್ರೆ ‘ಕನ್ನಡ’ ಹೋಗಿ ‘ಕನ್‌ನಡ’ ಆಗತ್ತೆ, ಒತ್ತು ಕೆಳಗೆ ಇಳಿಯೋದೇ ಇಲ್ಲ. ಲೇಔಟ್ ಫೀಚರ್ ಅನ್ನೋ ಈ ನಿಯಮ ಎಲ್ಲ ಉಳಿಸ್ಕೊಳ್ಳಿ, ಜೊತೆಗೆ ಕಣ್ಣಿಗೆ ಕಾಣದ ಎರಡು ಜಾಯ್ನರ್ ಅಕ್ಷರನೂ ಉಳಿಸ್ಕೊಳ್ಳಿ, ಅವುಗಳ ಕಥೆ ಕೆಳಗೆ ಬರತ್ತೆ.

ಪುಟ ಜಿಗಿಯೋದಕ್ಕೆ ಕಾರಣ, ಮೊದಲು ಫೋನಿನ ಫಾಂಟ್ ಕಾಣಿಸಿ ಆಮೇಲೆ ನಿಮ್ಮದು ಬಂದು ಕೂರತ್ತೆ, ಎರಡರ ಅಳತೆ ಬೇರೆ. ಫಾಂಟ್-ಡಿಸ್‌ಪ್ಲೇ ಸ್ವಾಪ್ ಇರಲಿ, ಓದುಗರಿಗೆ ಖಾಲಿ ಪುಟ ತೋರಿಸೋದಕ್ಕಿಂತ ಅದೇ ವಾಸಿ, ಆದ್ರೆ ಬದಲಿ ಫಾಂಟಿಗೆ ಸೈಜ್-ಅಡ್ಜಸ್ಟ್ ಮತ್ತು ಅಸೆಂಟ್-ಓವರ್‌ರೈಡ್ ಕೊಟ್ಟು ಅಳತೆ ಸರಿದೂಗಿಸಿ. ಸೈಟ್ ಎಷ್ಟು ಚುರುಕು ಅಂತ ಅಳೆಯೋ ಗೂಗಲ್‌ನ ಕೋರ್ ವೆಬ್ ವೈಟಲ್ಸಲ್ಲಿ ಈ ಜಿಗಿತದ ಅಂಕ 0.1 ಒಳಗಿರ್ಬೇಕು, ದೊಡ್ಡ ಚಿತ್ರ ಅಥವಾ ಪಠ್ಯ 2.5 ಸೆಕೆಂಡ್ ಒಳಗೆ ಕಾಣ್ಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಲ್ಲಿ ಉತ್ತರ ಸಿಗ್ಬೇಕು. ಕೊನೇದು 2024ರ ಮಾರ್ಚಲ್ಲಿ ಹಳೇ ಅಳತೆ ತೆಗೆದು ಹಾಕಿದ್ದು, ಹಳೇ ಯೂಟ್ಯೂಬ್ ಪಾಠ ನೋಡಿ ಕಲೀತಿದ್ರೆ ಗಮನ ಇರಲಿ.

ಪ್ರಶ್ನೆ: ನಮ್ಮದು ಚಿಕ್ಕ ಮಾಸಪತ್ರಿಕೆ, ಹದಿನೈದು ವರ್ಷದ ಲೇಖನಗಳು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು. ವೆಬ್‌ಸೈಟಿಗೆ ಪೇಸ್ಟ್ ಮಾಡಿದ್ರೆ ಏನೇನೋ ಚಿಹ್ನೆ ಬರತ್ತೆ. ಮತ್ತೆ ಟೈಪ್ ಮಾಡಿಸ್ಬೇಕಾ? (ಮೈಸೂರಿಂದ)

ಉತ್ತರ: ಬೇಡ, ಖಂಡಿತ ಬೇಡ. ನಿಮ್ಮ ಲೇಖನ ಕಳೆದಿಲ್ಲ. ಹಳೇ ನುಡಿ, ಬರಹ ಇವುಗಳ ಆಸ್ಕಿ ಫಾಂಟಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲ್ಲ. ನೀವು ‘ಕ’ ಒತ್ತಿದಾಗ ಫೈಲಲ್ಲಿ ಸೇರಿದ್ದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಎ. ಆ ಪಿ ಜಾಗದಲ್ಲಿ ಕ ಚಿತ್ರ ಬರೆದಿಟ್ಟಿದ್ರು ಫಾಂಟಲ್ಲಿ, ಅಷ್ಟೇ. ಫಾಂಟ್ ತೆಗೆದ್ರೆ ಒಳಗಿದ್ದದ್ದು ಹೊರಗೆ ಬರತ್ತೆ. ಯೂನಿಕೋಡಲ್ಲಿ ಹಾಗಲ್ಲ, ಅಲ್ಲಿ ಕನ್ನಡಕ್ಕೆ ಅಂತಲೇ 128 ಮನೆ ಇಟ್ಟಿದ್ದಾರೆ, ಕ ಅಂದ್ರೆ ಯಾವ ಫಾಂಟಲ್ಲೂ ಕ ನೇ.

ಆಸ್ಕಿಯಿಂದ ಯೂನಿಕೋಡಿಗೆ ತರೋ ಪರಿವರ್ತಕಗಳು ಉಚಿತವಾಗಿ ಸಿಗತ್ವೆ. ಆದ್ರೆ ಸಿಕ್ಕಿದ್ದಕ್ಕೆ ಎಲ್ಲ ಸುರೀಬೇಡಿ, ಮೊದಲು ಒಂದೇ ಲೇಖನ ಹಾಕಿ ಅದರಲ್ಲಿ ಅರ್ಕಾವತ್ತು ಇರೋ ಪದ ಹುಡುಕಿ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೇ, ಅಂದ್ರೆ ಅಕ್ಷರ ಆದ ಮೇಲೆ ಬರತ್ತೆ. ಯೂನಿಕೋಡಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರ್ಬೇಕು. ಇದನ್ನ ತಿರುಗಿಸದೆ ಬರಿ ಅಕ್ಷರಕ್ಕೆ ಅಕ್ಷರ ಬದಲಾಯಿಸೋ ಪರಿವರ್ತಕ ಆದ್ರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’. ಇಂಟರ್ನೆಟ್ಟಲ್ಲಿ ಹುಡುಕಿ, ಇಂಥ ಕನಾರ್ಟಕ ರಾಶಿ ಬಿದ್ದಿದೆ, ಎಲ್ಲ ಹೀಗೆ ಹುಟ್ಟಿದ್ದು. ಯಾರೋ ವರ್ಷಗಟ್ಲೆ ಕೂತು ಬರೆದ ಲೇಖನ ಒಂದು ಪದ ತಪ್ಪಾಗಿದ್ದಕ್ಕೆ ಹುಡುಕಿದ್ರೂ ಸಿಗದ ಹಾಗೆ ಆಗೋದು ಸಣ್ಣ ನಷ್ಟ ಅಲ್ಲ.

ಇನ್ನೊಂದು ಮುಖ್ಯ ಮಾತು. ಲೇಖನದ ನಡುವೆ ಇಂಗ್ಲಿಷ್ ಪದ ಇರತ್ತಲ್ಲ, ಅದೂ ಪಿ, ಎ, ಬಿ ಅಕ್ಷರಗಳೇ, ಪರಿವರ್ತಕಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಅದನ್ನೂ ಕನ್ನಡದ ಕಲಸುಮೇಲೋಗರ ಮಾಡಿಬಿಡತ್ತೆ. ಯಾವುದು ಕನ್ನಡ ಯಾವುದು ಇಂಗ್ಲಿಷ್ ಅಂತ ಹೇಳೋ ಒಂದೇ ಸುಳಿವು ವರ್ಡ್ ಅಥವಾ ಪೇಜ್‌ಮೇಕರ್ ಫೈಲಲ್ಲಿರೋ ಫಾಂಟ್ ಹೆಸರು. ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿದ ಕ್ಷಣ ಆ ಸುಳಿವು ಹೋಯ್ತು. ಅದಕ್ಕೆ ಮೂಲ ಫೈಲನ್ನ ಮುಟ್ಟದೆ ಒಂದು ಕಡೆ ಕಾಪಿ ಮಾಡಿಡಿ, ಪ್ರೋಗ್ರಾಂ ಬರೆಯೋರು ಸಿಕ್ಕರೆ ನುಡಿ ಫಾಂಟ್ ಇರೋ ಭಾಗ ಮಾತ್ರ ಆರಿಸಿ ಪರಿವರ್ತಿಸೋಕೆ ಹೇಳಿ. ಪರಿವರ್ತನೆ ಆದ ಮೇಲೂ ಮನುಷ್ಯರೊಬ್ಬರು ಕೂತು ಓದ್ಲೇಬೇಕು, ಹಳೇ ಓದುಗರಲ್ಲಿ ನಿವೃತ್ತ ಮೇಷ್ಟ್ರು ಯಾರಾದ್ರೂ ಇದ್ರೆ ಕೇಳಿ ನೋಡಿ, ಖುಷಿಯಿಂದ ಮಾಡ್ತಾರೆ.

ಪ್ರಶ್ನೆ: ಧಾರವಾಡದಲ್ಲಿ ಎಂಸಿಎ ಓದ್ತಿದೀನ್ರಿ. ನಮ್ಮ ಪ್ರಾಜೆಕ್ಟಿನ್ಯಾಗ ಶೀರ್ಷಿಕೆ ಸೇವ್ ಮಾಡಿದ್ರ ಕಾಗುಣಿತ ಎಲ್ಲಾ ಹೋಗಿ ‘ಕರನಟಕ’ ಅಂತ ಬರ್ತದ. ಡೇಟಾಬೇಸ್ ತಪ್ಪೇನ್ರಿ?

ಉತ್ತರ: ಡೇಟಾಬೇಸ್ ಅಲ್ಲಮ್ಮ, ಡೇಟಾಬೇಸ್ ತಪ್ಪಿದ್ರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬರ್ತಿತ್ತು. ನಿನ್ನ ಕೋಡಲ್ಲಿ ಎಲ್ಲೋ ‘ಅಕ್ಷರ ಬಿಟ್ಟು ಮಿಕ್ಕಿದ್ದೆಲ್ಲ ತೆಗಿ’ ಅನ್ನೋ ರೆಜೆಕ್ಸ್ (ಅಕ್ಷರದ ಮಾದರಿ ಹುಡುಕೋ ಸೂತ್ರ) ಇದೆ. ಯೂನಿಕೋಡ್ ಲೆಕ್ಕದಲ್ಲಿ ಕ, ರ, ನ, ಟ ಇವು ಅಕ್ಷರ, ಆದ್ರೆ ದೀರ್ಘ, ಕೊಂಬು, ಹಲಂತ ಇವೆಲ್ಲ ಚಿಹ್ನೆ ಅನ್ನೋ ಬೇರೆ ಗುಂಪು. ರೆಜೆಕ್ಸಲ್ಲಿ ಎಲ್ (ಅಕ್ಷರ) ಗುಂಪಿನ ಜೊತೆ ಎಂ (ಚಿಹ್ನೆ) ಗುಂಪನ್ನೂ ಸೇರಿಸು, ಸರಿಹೋಗತ್ತೆ. ಬರಿ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಬಳಸಿದ್ರೆ ಜಾವಾಸ್ಕ್ರಿಪ್ಟಲ್ಲಿ ಕನ್ನಡ ಪೂರ್ತಿ ಮಾಯ ಆಗಿರೋದು.

ಅದಾದ್ಮೇಲೆ ನಾನು ಬಿದ್ದ ಹಳ್ಳ ಹೇಳ್ತೀನಿ. ‘ವೆಬ್‌ಸೈಟ್’ ಅಂತ ಬರೀಬೇಕಾದ್ರೆ ಬ್ ಆದ ಮೇಲೆ ಕಾಣದ ಒಂದು ಅಕ್ಷರ ಇರತ್ತೆ, ಝೀರೋ ವಿಡ್ತ್ ನಾನ್-ಜಾಯ್ನರ್ ಅಂತ, ‘ಸೈ’ ಬಂದು ಒತ್ತಾಗಿ ಕೂರದ ಹಾಗೆ ತಡೆಯೋದು ಅದೇ. ಕೆಲವು ವರ್ಷದ ಹಿಂದೆ ಒಂದು ಸಾಹಿತ್ಯದ ಸೈಟಿಗೆ ಕೆಲಸ ಮಾಡ್ತಿದ್ದಾಗ ಅನಗತ್ಯ ಸ್ಪೇಸ್ ತೆಗೆಯೋ ಸಣ್ಣ ಫಂಕ್ಷನ್ ಬರೆದೆ, ಅದು ಈ ಅಕ್ಷರನೂ ಗುಡಿಸಿಬಿಟ್ಟಿತ್ತು. ಎಲ್ಲ ಕಡೆ ‘ವೆಬ್ಸೈಟ್’, ‘ಫೇಸ್ಬುಕ್’. ಲೇಖಕರೊಬ್ಬರು ಫೋನ್ ಮಾಡಿ ನಾನು ಹೀಗೆ ಬರೆದಿಲ್ಲ ಅಂದಾಗ್ಲೇ ಗೊತ್ತಾಗಿದ್ದು, ಬ್ಯಾಕಪ್‌ನಿಂದ ವಾಪಸ್ ತರೋಕೆ ಎರಡು ರಾತ್ರಿ ಹಿಡೀತು. ‘ರ‍್ಯಾಂಕ್’ ಅನ್ನೋದರಲ್ಲೂ ಇಂಥದ್ದೇ ಒಂದು ಜಾಯ್ನರ್ ಇದೆ, ಅದು ಹೋದ್ರೆ ‘ರ್ಯಾಂಕ್’ ಆಗಿ ಅರ್ಕಾವತ್ತು ಬಂದು ಕೂರತ್ತೆ. ಇವೆರಡನ್ನ ಯಾವತ್ತೂ ಅಳಿಸ್ಬೇಡ.

ಮುನ್ನೋಟಕ್ಕೆ ಅಂತ ಮೊದಲ ನೂರಕ್ಷರ ಕತ್ತರಿಸ್ತಿದ್ರೆ ಅದನ್ನೂ ಬದಲಾಯಿಸು. ‘ಸ್ತ್ರೀ’ ನಮಗೆ ಒಂದಕ್ಷರ, ಜಾವಾಸ್ಕ್ರಿಪ್ಟಿನ ಲೆಂಗ್ತ್ ಕೇಳಿದ್ರೆ 6 ಅನ್ನತ್ತೆ, ನಡುವೆ ಕತ್ತರಿ ಬಿದ್ರೆ ‘ಸ್’ ಮಾತ್ರ ಉಳಿಯತ್ತೆ. ಪಠ್ಯವನ್ನ ಅಕ್ಷರ, ಪದಗಳಾಗಿ ಬಿಡಿಸೋ ಇಂಟಲ್ ಸೆಗ್ಮೆಂಟರ್ ಅಂತ ಇದೆ, 2024ರ ಏಪ್ರಿಲಲ್ಲಿ ಫೈರ್‌ಫಾಕ್ಸಿಗೂ ಬಂದ ಮೇಲೆ ಈಗ ಎಲ್ಲ ದೊಡ್ಡ ಬ್ರೌಸರಲ್ಲೂ ಇದೆ, ಅದರಲ್ಲಿ ಪದದ ಗಡಿ ನೋಡ್ಕೊಂಡು ಕತ್ತರಿಸು. ಹುಡುಕಾಟದ ಮೊದಲು ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡು, ಅಂದ್ರೆ ಅಕ್ಷರದ ಕೋಡನ್ನ ಒಂದೇ ರೂಪಕ್ಕೆ ತಾ, ಯಾಕಂದ್ರೆ ‘ಕೋಲಾರ’ದ ‘ೋ’ ಒಂದೇ ಕೋಡಾಗಿಯೂ ಇರ್ಬೋದು, ಮೂರು ತುಂಡಾಗಿಯೂ ಇರ್ಬೋದು, ನೋಡೋಕೆ ಒಂದೇ ಥರ, ಹೋಲಿಸಿದ್ರೆ ಬೇರೆ ಬೇರೆ. ಫಾರಂನಲ್ಲಿ ಯಾರಾದ್ರೂ ಫೋನ್ ನಂಬರನ್ನ ಕನ್ನಡ ಅಂಕಿಯಲ್ಲಿ ಹಾಕಿದ್ರೆ ತಪ್ಪು ಅಂತ ಕೆಂಪಗೆ ತೋರಿಸ್ಬೇಡ, ೦ಯಿಂದ ೯ರವರೆಗೆ ಕೋಡ್ ಸಾಲಾಗೇ ಇದೆ, ಅಂಕಿಯ ಕೋಡಿಂದ ೦ಯ ಕೋಡ್ ಕಳೆದ್ರೆ ಬೆಲೆ ಸಿಗತ್ತೆ.

ಲಿಂಕಲ್ಲಿ ಕನ್ನಡ ಇಡ್ಲಾ ಅಂತ ಕೊನೇಲಿ ಕೇಳಿದ್ದೀಯ. ಇಡ್ಬೋದು, ಬ್ರೌಸರಲ್ಲಿ ಚೆನ್ನಾಗೇ ಕಾಣತ್ತೆ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಒಂದೊಂದು ಕೋಡೂ ಪರ್ಸೆಂಟ್ ಚಿಹ್ನೆ ಸೇರಿ 9 ಅಕ್ಷರ ಆಗಿ ಹಿಗ್ಗತ್ತೆ, ‘ಕನ್ನಡ’ ಅನ್ನೋ ಒಂದು ಪದವೇ 45. ಹಂಚ್ಕೊಳ್ಳೋದು ಜಾಸ್ತಿ ಇರೋ ಸೈಟಾದ್ರೆ ಲಿಂಕನ್ನ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಇಡು.

ಪ್ರಶ್ನೆ: ದೇವಸ್ಥಾನದ ಸೇವಾ ರಸೀದಿ ಪಿಡಿಎಫ್ ಮಾಡಿದ್ರೆ ಕನ್ನಡ ಜಾಗದಲ್ಲಿ ಖಾಲಿ ಡಬ್ಬಿ. ನನ್ನ ಲ್ಯಾಪ್‌ಟಾಪಲ್ಲಿ ಸರಿ ಬರತ್ತೆ. (ಉಡುಪಿಯಿಂದ)

ಉತ್ತರ: ಸರ್ವರಲ್ಲಿ ಕನ್ನಡ ಫಾಂಟೇ ಇಲ್ಲ, ಅಷ್ಟೇ. ಉಬುಂಟು, ಡೆಬಿಯನ್ ಆದ್ರೆ ಫಾಂಟ್ಸ್-ಕೆಎನ್‌ಡಿಎ ಅನ್ನೋ ಪ್ಯಾಕೇಜ್ ಹಾಕಿ, ಗುಬ್ಬಿ, ನವಿಲು ಥರದ ಕನ್ನಡ ಫಾಂಟ್ ಬರತ್ವೆ. ಡಬ್ಬಿ ಹೋಗಿ ಒತ್ತಕ್ಷರ ಮಾತ್ರ ಬಿಡಿಬಿಡಿಯಾಗಿ ಬಂದ್ರೆ ನಿಮ್ಮ ಪಿಡಿಎಫ್ ಲೈಬ್ರರಿಗೆ ಅಕ್ಷರ ಜೋಡಿಸೋಕೆ ಬರಲ್ಲ ಅಂತ ಅರ್ಥ, ಅದನ್ನ ಬಿಟ್ಟು ಹೆಡ್‌ಲೆಸ್ ಕ್ರೋಮಿಂದ (ಕಿಟಕಿ ತೆರೆಯದೆ ಸರ್ವರಲ್ಲೇ ಓಡೋ ಕ್ರೋಮ್) ಪ್ರಿಂಟ್ ಮಾಡ್ಸಿ. ಭಕ್ತರ ಹೆಸರು, ಗೋತ್ರ, ನಕ್ಷತ್ರ ಮೂರರಲ್ಲೂ ಒತ್ತಕ್ಷರ ತುಂಬಿರತ್ತೆ, ‘ಜ್ಯೇಷ್ಠಾ’, ‘ಶ್ರೀವತ್ಸ’ ಇಂಥ ನಾಲ್ಕು ಪದ ಹಾಕಿ ಒಂದು ರಸೀದಿ ತೆಗೆದು ನೋಡಿ, ಅದು ಸರಿ ಬಂದ್ರೆ ಮಿಕ್ಕಿದ್ದೂ ಸರಿ ಬರತ್ತೆ.