ಬರಹಗಾರರಿಗೆ ಸಲಹೆ: ಆ ಮಂಕು ಎಲ್‌ಇಡಿಯನ್ನು ದಾಟಿ ಹೋಗಬೇಡಿ

ಪ್ರಿಯ ಮಿತ್ರರೇ,

ನೀವು ಕಳಿಸಿದ ‘ರಿಲೇಯಿಂದ ಮೈಕ್ರೋಕಂಟ್ರೋಲರ್ ಆನ್-ಆಫ್’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ. ಯಾಕೆಂದರೆ ನೀವು ಕೈಯಾರೆ ಮಾಡಿ ನೋಡಿದ ಕೆಲಸ ಇದು. ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆದು ಎಸ್‌ಡಿ ಕಾರ್ಡಿಗೆ ಬರೆಯುವ ಪೆಟ್ಟಿಗೆ. ಒಳಗೆ ಒಂದು ಆರ್ಡುಯಿನೋ ಊನೋ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡ್. ಎಟಿಟೈನಿ85 ಅನ್ನುವ ಇನ್ನೊಂದು ಪುಟ್ಟ ಚಿಪ್ 15 ನಿಮಿಷಕ್ಕೊಮ್ಮೆ ರಿಲೇ (ಕರೆಂಟ್‌ನಿಂದ ಓಡುವ ಸ್ವಿಚ್) ಮೂಲಕ ಅದಕ್ಕೆ 5 ವೋಲ್ಟ್ ಕೊಡುತ್ತದೆ, ಒಂದು ನಿಮಿಷದ ನಂತರ ಕಡಿಯುತ್ತದೆ. ಬ್ಯಾಟರಿ ಉಳಿಸುವುದು ಉದ್ದೇಶ. ಒಳ್ಳೆಯ ಉದ್ದೇಶ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಟೆಲಿಗ್ರಾಫ್ ಕಾಲದಿಂದ ರಿಲೇಯ ಕಥೆ ಹೇಳಿದ್ದೀರಿ. ನಿಮ್ಮ ಓದುಗ ಆಗಲೇ ರಿಲೇ ಕೊಂಡು ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ಅವನಿಗೆ ಬೇಕಾದ್ದು ಯಾವ ತಂತಿ ಎಲ್ಲಿಗೆ ಅನ್ನುವುದು. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ಪೆಟ್ಟಿಗೆಯನ್ನು ತೋಟದಲ್ಲಿ ಇಟ್ಟು ಬಂದ ದಿನದಿಂದ.

ಇನ್ನು ಮುಖ್ಯವಾದ ವಿಷಯ. ಲೇಖನದಲ್ಲಿ ಮೂರು ವಾಕ್ಯಗಳಿವೆ. ಮೂರನ್ನೂ ನೀವು ಬರೆದು, ನಿಲ್ಲದೆ ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ಇಡೀ ಲೇಖನ ಆ ಮೂರು ವಾಕ್ಯಗಳ ಒಳಗೇ ಇದೆ.

ಒಂದನೆಯದು: “ಬ್ಯಾಟರಿ ಅಂದುಕೊಂಡದ್ದಕ್ಕಿಂತ ಬೇಗ ಇಳಿಯಿತು, ಬಹುಶಃ ಹಳೆಯದಿರಬೇಕು.” ಪಾಪ, ಬ್ಯಾಟರಿಯದು ತಪ್ಪಿಲ್ಲ. ನಿಮ್ಮ ಚಿತ್ರ ನೋಡಿ. ಊನೋಗೆ ಹೋಗುವ ತಂತಿ ರಿಲೇಯ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಕಾಂಟ್ಯಾಕ್ಟ್‌ನಲ್ಲಿದೆ. ಅಂದರೆ ಕಾಯಿಲ್‌ಗೆ, ರಿಲೇ ಒಳಗೆ ಸ್ವಿಚ್ ಎಳೆಯುವ ತಂತಿಸುರುಳಿಗೆ, ಕರೆಂಟ್ ಇಲ್ಲದಾಗ ಬೋರ್ಡ್ ಆನ್. ಬೋರ್ಡ್ ಆಫ್ ಇರಬೇಕಾದ 14 ನಿಮಿಷವೂ ಕಾಯಿಲ್‌ಗೆ ಕರೆಂಟ್ ಹೋಗುತ್ತಲೇ ಇರಬೇಕು! ನೀವು ಬಳಸಿದ ನೀಲಿ ಬಣ್ಣದ ಪುಟ್ಟ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್. ಅಂದರೆ ಹತ್ತಿರ ಹತ್ತಿರ 70 ಮಿಲಿಆಂಪ್. ಊನೋ ಸುಮಾರು 50 ಮಿಲಿಆಂಪ್ ತಗೊಳ್ಳುತ್ತದೆ. ಲೆಕ್ಕ ಹಾಕಿ. ರಿಲೇಯೇ ಇಲ್ಲದೆ ಬೋರ್ಡನ್ನು 15 ನಿಮಿಷ ಸುಮ್ನೆ ಆನ್ ಇಟ್ಟಿದ್ದರೆ 750 ಮಿಲಿಆಂಪ್-ನಿಮಿಷ. ನಿಮ್ಮ ಜೋಡಣೆಯಲ್ಲಿ 14 ಸಲ 70, ಅದಕ್ಕೆ 50 ಸೇರಿಸಿ, 1030. ಉಳಿಸಲು ಹಾಕಿದ ರಿಲೇ ಖರ್ಚನ್ನೇ ಹೆಚ್ಚಿಸಿದೆ. ಅದೇ ತಂತಿಯನ್ನು ಎನ್‌ಒಗೆ (ನಾರ್ಮಲಿ ಓಪನ್, ಕಾಯಿಲ್‌ಗೆ ಕರೆಂಟ್ ಬಂದಾಗ ಮಾತ್ರ ಸೇರುವ ಕಾಂಟ್ಯಾಕ್ಟ್) ಹಾಕಿ, ಪ್ರೋಗ್ರಾಂನಲ್ಲಿ ಆನ್-ಆಫ್ ಅದಲುಬದಲು ಮಾಡಿ. ಆಗ ಒಂದು ನಿಮಿಷ ಮಾತ್ರ ಎರಡೂ ಸೇರಿ 120. ಸೆನ್ಸರ್, ಕಾರ್ಡ್ ಲೆಕ್ಕ ಬೇರೆ, ಆದರೂ ಎಷ್ಟು ಅಂತರ ನೋಡಿ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಎಟಿಟೈನಿ ಕೆಟ್ಟು ನಿಂತು ಕಾಯಿಲ್‌ಗೆ ಕರೆಂಟ್ ಕೊಡದಿದ್ದರೆ ಊನೋ ಆಫ್ ಆಗಿ ಉಳಿಯುತ್ತದೆ, ಬ್ಯಾಟರಿ ಬರಿದಾಗುವುದಿಲ್ಲ.

ಈ ಲೆಕ್ಕವನ್ನು ಲೇಖನದಲ್ಲಿ ಪೂರ್ತಿ ಬರೆಯಿರಿ, ನಿಮ್ಮ ಮೊದಲ ತಪ್ಪನ್ನೂ ಸೇರಿಸಿ. ಎನ್‌ಸಿ, ಎನ್‌ಒ ವ್ಯತ್ಯಾಸ ಪಠ್ಯಪುಸ್ತಕದಲ್ಲಿ ಓದಿ ಮರೆಯುವವರೇ ಜಾಸ್ತಿ. 1030 ಅನ್ನುವ ಅಂಕಿ ನೋಡಿದವರು ಮರೆಯುವುದಿಲ್ಲ.

ಎರಡನೆಯದು: “ಆಫ್ ಆದ ಮೇಲೂ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತದೆ, ಚಿಂತೆ ಬೇಡ.” ಚಿಂತೆ ಮಾಡಬೇಕಾದ್ದೇ ಇಲ್ಲಿ. ಪವರ್ ಕಡಿದ ಮೇಲೂ ಎಲ್‌ಇಡಿ ಉರಿಯುತ್ತಿದೆ ಅಂದರೆ ಕರೆಂಟ್ ಬೇರೆ ದಾರಿಯಿಂದ ಒಳಗೆ ಬರುತ್ತಿದೆ ಅಲ್ವಾ? ಆ ದಾರಿ ನಿಮ್ಮ ಚಿತ್ರದಲ್ಲೇ ಇದೆ. ಎಟಿಟೈನಿಯಿಂದ ಊನೋದ 7ನೇ ಪಿನ್‌ಗೆ ‘ಶುರು ಮಾಡು’ ಅಂತ ಹೇಳಲು ಒಂದು ತಂತಿ ಎಳೆದಿದ್ದೀರಿ. ಅದು ಯಾವಾಗಲೂ 5 ವೋಲ್ಟ್‌ನಲ್ಲಿದೆ. ಊನೋದ ಚಿಪ್ ಎಟಿಮೆಗಾ328ಪಿ. ಅದರ ಪಿನ್ ಮೇಲಿನ ವೋಲ್ಟೇಜ್ ಚಿಪ್‌ನ ಸಪ್ಲೈಗಿಂತ 0.5 ವೋಲ್ಟ್ ಮೇಲೆ ಹೋಗಬಾರದು. ಸಪ್ಲೈ ಕಡಿದಾಗ ಪಿನ್‌ನಲ್ಲಿ 5 ವೋಲ್ಟ್ ನಿಂತಿದ್ದರೆ, ಚಿಪ್ ಒಳಗಿನ ರಕ್ಷಣೆಯ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ಕರೆಂಟ್ ನುಗ್ಗಿ ಇಡೀ ಬೋರ್ಡಿಗೆ ಹರಡುತ್ತದೆ. ಬೋರ್ಡ್ ಪೂರ್ತಿ ಏಳುವುದೂ ಇಲ್ಲ, ಪೂರ್ತಿ ಮಲಗುವುದೂ ಇಲ್ಲ. ಮುಂದಿನ ಸಲ ಸರಿಯಾಗಿ ರೀಸೆಟ್ ಆಗದೆ ಹ್ಯಾಂಗ್ ಆಗಬಹುದು. ಪಿನ್ ಸುಟ್ಟೂ ಹೋಗಬಹುದು.

ನಿಜ ಹೇಳಬೇಕೆಂದರೆ ಆ ತಂತಿಯೇ ಬೇಡ. ಪವರ್ ಬಂತು ಅಂದರೆ ‘ಏಳು’ ಅಂತಲೇ ಅರ್ಥ. ತೇವದ ಸೆನ್ಸರ್‌ಗೆ ನೇರವಾಗಿ ಪವರ್ ಕೊಟ್ಟಿದ್ದೀರಿ, ಅದೂ ಇದೇ ತೊಂದರೆ ಮಾಡುತ್ತದೆ. ಅದರ ಔಟ್‌ಪುಟ್ ಊನೋದ ಎ0 ಪಿನ್‌ಗೆ ಹೋಗುತ್ತದಲ್ಲ. ಸೆನ್ಸರನ್ನೂ, ಎಸ್‌ಡಿ ಕಾರ್ಡನ್ನೂ ರಿಲೇಯ ಆಚೆ, ಊನೋ ಇರುವ ಕಡೆಗೆ ಸೇರಿಸಿ.

ಮೂರನೆಯದು: “ಒಮ್ಮೊಮ್ಮೆ ಕಾರ್ಡಿನಲ್ಲಿ ಕೊನೆಯ ಸಾಲುಗಳು ಸಿಗಲಿಲ್ಲ.” ನಿಮ್ಮ ಪ್ರೋಗ್ರಾಂ ಫೈಲನ್ನು ಕ್ಲೋಸ್ ಮಾಡುವ ಮೊದಲೇ 60 ಸೆಕೆಂಡ್ ಮುಗಿದಿರಬೇಕು. ಕ್ಲೋಸ್ ಅಥವಾ ಫ್ಲಶ್ ಮಾಡುವ ತನಕ ಆ ಸಾಲು 512 ಬೈಟ್‌ನ ಬಫರ್‌ನಲ್ಲೇ (ತಾತ್ಕಾಲಿಕ ಮೆಮೊರಿ) ಇರುತ್ತದೆ, ಕಾರ್ಡಿಗೆ ಇಳಿದಿರುವುದಿಲ್ಲ. ಕಾರ್ಡ್ ಬರೆಯುತ್ತಿರುವಾಗಲೇ ಪವರ್ ಹೋದರೆ ಇಡೀ ಫೈಲೇ ಹಾಳಾಗಬಹುದು. ಹಾಗಾಗಿ ಗಡಿಯಾರ ನೋಡಿ ಕಡಿಯಬೇಡಿ. ಊನೋ ಫೈಲ್ ಕ್ಲೋಸ್ ಮಾಡಿ ‘ಮುಗಿಯಿತು’ ಅಂತ ಒಂದು ಪಿನ್ ಎತ್ತಲಿ. ಎಟಿಟೈನಿ ಅದನ್ನು ನೋಡಿ, ಒಂದು ಸೆಕೆಂಡ್ ತಡೆದು, ಆಮೇಲೆ ಕಡಿಯಲಿ. ಆ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಇರಲಿ, ಊನೋ ಆಫ್ ಇದ್ದಾಗ ತಂತಿ ತೇಲಾಡಬಾರದು. ಊನೋ ಹ್ಯಾಂಗ್ ಆಗಿ ಉತ್ತರವೇ ಕೊಡದಿದ್ದರೆ ಎರಡು ನಿಮಿಷಕ್ಕೆ ಹೇಗೂ ಕಡಿಯಲಿ.

ರಿಲೇ ಕಾಯಿಲ್‌ಗೆ ಹಾಕುವ ಡಯೋಡ್ ಬಗ್ಗೆ ‘ಬೇಕಿದ್ದರೆ ಹಾಕಿ’ ಅಂದಿದ್ದೀರಿ. ಹಾಗೆ ಬರೆಯಬೇಡಿ. ಓದುವ ದಿನಗಳಲ್ಲಿ ನಾನು ಡಯೋಡ್ ಇಲ್ಲದೆ ರಿಲೇ ಓಡಿಸಿ, ಒಂದೇ ಸಂಜೆ ಮೂರು ಟ್ರಾನ್ಸಿಸ್ಟರ್ ಸುಟ್ಟಿದ್ದೆ. ತಂತಿಯಲ್ಲೇ ತಪ್ಪಿದೆ ಅಂತ ಮತ್ತೆ ಮತ್ತೆ ಬಿಚ್ಚಿ ಜೋಡಿಸಿದೆ. ಕಾಯಿಲ್‌ನ ಕರೆಂಟ್ ಕಡಿದ ಕ್ಷಣ ಅದು ಉಲ್ಟಾ ದಿಕ್ಕಿನಲ್ಲಿ ದೊಡ್ಡ ವೋಲ್ಟೇಜ್ ಎಬ್ಬಿಸುತ್ತದೆ, ಟ್ರಾನ್ಸಿಸ್ಟರ್ ಅದನ್ನು ತಾಳುವುದಿಲ್ಲ. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007, ಬೆಳ್ಳಿ ಗೆರೆ ಪ್ಲಸ್ ಕಡೆಗೆ. ಟ್ರಾನ್ಸಿಸ್ಟರ್ ಇಲ್ಲದೆ ಪಿನ್‌ನಿಂದ ನೇರವಾಗಿ ಕಾಯಿಲ್ ಓಡಿಸಬಾರದು ಅಂತಲೂ ಬರೆಯಿರಿ. ಪಿನ್‌ನ ಮಿತಿ 40 ಮಿಲಿಆಂಪ್, ಕಾಯಿಲ್ ಕೇಳುವುದು 70.

ಭಾಷೆಯ ಬಗ್ಗೆ ಒಂದು ಮಾತು. ರಿಲೇಗೆ ‘ವಿದ್ಯುತ್ ಸಂಪರ್ಕ ನಿಯೋಜಕ’, ಬೋರ್ಡಿಗೆ ‘ಸೂಕ್ಷ್ಮ ನಿಯಂತ್ರಕ ಫಲಕ’ ಅಂತೆಲ್ಲ ಬರೆದಿದ್ದೀರಿ. ನಿಮ್ಮ ಕನ್ನಡದ ಪ್ರೀತಿ ನನಗೆ ಅರ್ಥವಾಗುತ್ತದೆ, ನನಗೂ ಅದು ಇದೆ. ಆದರೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಓದುಗ ಕೇಳಬೇಕಾದ್ದು ರಿಲೇಯನ್ನೇ. ‘ಮಂಕಾಗಿ ಉರಿಯುತ್ತದೆ’, ‘ಬ್ಯಾಟರಿ ಇಳಿಯಿತು’ ಅಂತ ಬರೆದ ಕಡೆ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ! ಅದೇ ಕನ್ನಡದಲ್ಲಿ ಪೂರ್ತಿ ಬರೆಯಿರಿ.

ರಿಲೇ ಬದಲು ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಬಹುದಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವುದು ಸರಿ, ಕಾಯಿಲ್‌ನ ಖರ್ಚೇ ಇರುವುದಿಲ್ಲ. ಅದನ್ನು ಮುಂದಿನ ಲೇಖನಕ್ಕೆ ಇಟ್ಟುಕೊಳ್ಳಿ, ಇಲ್ಲಿ ಒಂದು ಸಾಲು ಸಾಕು.

ಈಗ ತಂತಿಯನ್ನು ಎನ್‌ಒಗೆ ಬದಲಿಸಿ, 7ನೇ ಪಿನ್‌ನ ತಂತಿ ಕಿತ್ತು, ಪೆಟ್ಟಿಗೆಯನ್ನು ಮತ್ತೆ ತೋಟದಲ್ಲಿ ಒಂದು ವಾರ ಇಡಿ. ದಿನಾ ಬೆಳಿಗ್ಗೆ ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ ಬರೆದಿಡಿ. ಆ ಏಳು ಅಂಕಿಗಳ ಜೊತೆ ಲೇಖನ ಕಳಿಸಿ. ಸರ್ಕ್ಯೂಟ್ ಚಿತ್ರ ಕೈಯಲ್ಲೇ ಬರೆದದ್ದು ಸಾಕು, ಹಳೆಯ ಚಿತ್ರವೂ ಪಕ್ಕದಲ್ಲಿರಲಿ. ಎರಡನ್ನೂ ಹಾಕುತ್ತೇನೆ.

ಪ್ರೀತಿಯಿಂದ,
ಸಂಪಾದಕ