ಗ್ಯಾರೇಜ್ ಕಟ್ಟೆ: ಹಸಿರು ದೀಪ ಬಿದ್ದಾಗ ಎಡಗೈ ಏನು ಮಾಡಬೇಕು?

ಪ್ರಶ್ನೆ: ಸಾರ್, ನಾನು ಮಂಡ್ಯದವನು. ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಪಲ್ಸರ್ ಎನ್‌ಎಸ್ 200 ಇದೆ, ಎಂಜಿನ್‌ಗೆ ಕೈ ಹಾಕಿಸಿಲ್ಲ. ಚೆನ್ನೈ ಹತ್ತಿರ ಒಂದು ಡ್ರ್ಯಾಗ್ ಮೀಟ್‌ನಲ್ಲಿ (ನಿಂತಲ್ಲಿಂದ ಹೊರಟು ನೇರ ಟ್ರ್ಯಾಕ್‌ನಲ್ಲಿ ಓಡೋ ಪಂದ್ಯ) ಮೊದಲ ಸಲ ಓಡಿಸಿದೆ. ಲಾಂಚ್, ಅಂದರೆ ನಿಂತ ಬೈಕ್ ಹೊರಡಿಸೋದು, ಒಂದೂ ಸರಿ ಬರಲಿಲ್ಲ. ಒಂದು ಸಲ ಮುಂದಿನ ಚಕ್ರ ಎದ್ದು, ಹೆದರಿ ಕೊಡುತ್ತಿದ್ದ ರೇಸ್ (ಆಕ್ಸಿಲರೇಟರ್) ಬಿಟ್ಟುಬಿಟ್ಟೆ. ಇನ್ನೊಂದು ಸಲ ಎಂಜಿನ್ ಗೊರ್ ಅಂತ ಕುಸಿದು ಆಫ್ ಆಗೋದೊಂದು ಬಾಕಿ. ಮೊದಲ 60 ಅಡಿ ದಾಟೋ ಟೈಮ್ ಒಂದರಲ್ಲಿ 2.4, ಇನ್ನೊಂದರಲ್ಲಿ 2.7 ಸೆಕೆಂಡ್. ಫ್ರೆಂಡ್ಸ್ ಎಲ್ಲ ‘ಫುಲ್ ರೇಸ್ ಕೊಟ್ಟು ಕ್ಲಚ್ ಬಿಟ್ಟುಬಿಡು, ಅಷ್ಟೇ’ ಅಂತಾರೆ. ಹಿಂದಕ್ಕೆ ದೊಡ್ಡ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಾಕಿಸಲಾ? ರಾತ್ರಿ ಹೊತ್ತು ಮೈಸೂರು ರಿಂಗ್ ರೋಡಲ್ಲಿ ಪ್ರ್ಯಾಕ್ಟೀಸ್ ಮಾಡಿದರೆ ಆಗುತ್ತಾ?
— ಹೆಸರು ಬೇಡ ಅಂದ ಓದುಗ, ಮಂಡ್ಯ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ ತಮ್ಮ. ರಿಂಗ್ ರೋಡು ಬೇಡ. ರಾತ್ರಿ ಎರಡು ಗಂಟೆಗೂ ಬೇಡ. ಸಾರ್ವಜನಿಕ ರಸ್ತೆಯಲ್ಲಿ ಸ್ಪೀಡ್ ಪಂದ್ಯ ಆಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಹಾಕುತ್ತಾರೆ. ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 5 ಸಾವಿರದವರೆಗೆ ದಂಡ, ಅಥವಾ ಎರಡೂ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗಂತೂ 2023ರ ಆಗಸ್ಟ್ 1ರಿಂದ ಬೈಕ್ ಇಳಿಸುವ ಹಾಗೇ ಇಲ್ಲ. ಉಳಿಯುವುದು ಸರ್ವಿಸ್ ರೋಡು. ಕಬ್ಬು ಅರೆಯುವ ಕಾಲದಲ್ಲಿ ಆ ರೋಡು ಹೇಗಿರುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಹಿಂದೆ ಒಂದು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ನೆಲದಲ್ಲಿ ಜಜ್ಜಿಹೋದ ಜಲ್ಲೆ, ಅದರ ಮೇಲೆ ಸೋಗೆ. ಅಲ್ಲಿ ಬ್ರೇಕ್ ಹಿಡಿಯುವುದೇ ಕಷ್ಟ, ಇನ್ನು ಲಾಂಚ್ ಎಲ್ಲಿ?

ಅಸಲಿಗೆ ನಿಮಗೆ ರಸ್ತೆ ಬೇಕಾಗಿಯೇ ಇಲ್ಲ. ಡ್ರ್ಯಾಗ್ ಓಟದ ಕ್ವಾರ್ಟರ್ ಮೈಲಿ ಅಂದರೆ 402 ಮೀಟರ್. ನಿಮ್ಮ ತೊಂದರೆ ಇರುವುದು ಮೊದಲ 60 ಅಡಿಯಲ್ಲಿ, ಅಂದರೆ 18 ಮೀಟರ್ ಚಿಲ್ಲರೆಯಲ್ಲಿ. ಅಲ್ಲಿಂದ ಮುಂದೆ ಗೇರ್ ಸರಿಯಾಗಿ ಬಿದ್ದರೆ ಬೈಕ್ ತನ್ನ ಪಾಡಿಗೆ ತಾನು ಹೋಗುತ್ತದೆ. ಆ 18 ಮೀಟರ್‌ನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ, ಕೊನೆಯ ಗೆರೆಯಲ್ಲಿ ಅದು ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಾಲು ಆಗಿ ಸಿಗುತ್ತದೆ. ಸೈಲೆನ್ಸರ್ ಬದಲಾಯಿಸಿ ಅಷ್ಟು ತೆಗೆಯಬೇಕೆಂದರೆ ಜೇಬು ಖಾಲಿ.

ಈಗ ಫ್ರೆಂಡ್ಸ್ ಹೇಳಿದ ಮಾತು. ಫುಲ್ ರೇಸ್ ಕೊಟ್ಟಾಗ ತಿರುಗುತ್ತಿರುವ ಕ್ರ್ಯಾಂಕ್, ಫ್ಲೈವೀಲ್ ಎಲ್ಲದರಲ್ಲೂ ಶಕ್ತಿ ತುಂಬಿಕೊಂಡಿರುತ್ತದೆ. ಕ್ಲಚ್ ಪಟ್ಟನೆ ಬಿಟ್ಟರೆ ಅದಷ್ಟೂ ಒಂದೇ ಏಟಿಗೆ ಹಿಂದಿನ ಚಕ್ರಕ್ಕೆ ಬೀಳುತ್ತದೆ. ಟಯರ್‌ಗೆ ಹಿಡಿತ ಇದ್ದರೆ ಮುಂದಿನ ಚಕ್ರ ಏಳುತ್ತದೆ. ಹಿಡಿತ ಇಲ್ಲದಿದ್ದರೆ ಹಿಂದಿನದು ನಿಂತಲ್ಲೇ ಸುತ್ತುತ್ತದೆ. ನಿಮಗೆ ಎದ್ದಿದೆ, ಅಂದರೆ ಟ್ರ್ಯಾಕ್ ಚೆನ್ನಾಗಿತ್ತು. ಮುಂದಿನ ಓಟದಲ್ಲಿ ಹೆದರಿ ಕಡಿಮೆ ರೇಸ್ ಕೊಟ್ಟಿದ್ದೀರಿ, ಕ್ಲಚ್ ಮಾತ್ರ ಅಷ್ಟೇ ಜೋರಾಗಿ ಬಿಟ್ಟಿದ್ದೀರಿ. 200 ಸಿಸಿ ಸಿಂಗಲ್ ಸಿಲಿಂಡರ್‌ಗೆ ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಅಷ್ಟು ದಮ್ ಇಲ್ಲ. ನಿಮ್ಮ ಬೈಕಿನ ಟಾರ್ಕ್, ಅಂದರೆ ಎಳೆಯುವ ಬಲ, ತುದಿ ಮುಟ್ಟುವುದೇ 8,000ದಲ್ಲಿ. ಮೂರು ಸಾವಿರಕ್ಕೆ ಬಿದ್ದರೆ ಮತ್ತೆ ಮೇಲೆ ಹತ್ತುವಷ್ಟರಲ್ಲಿ ಪಕ್ಕದ ಲೇನಿನವನು ಎರಡನೇ ಗೇರ್‌ನಲ್ಲಿರುತ್ತಾನೆ. ಏಳುವುದು, ಕುಸಿಯುವುದು ಎರಡು ಬೇರೆ ಕಾಯಿಲೆ ಅಂತ ನೀವು ಅಂದುಕೊಂಡಿದ್ದೀರಿ. ಎರಡೂ ಎಡಗೈಯದೇ ಕೆಲಸ.

ಮೈಸೂರಲ್ಲಿ ಈ ಎಡಗೈ ವಿಷಯ ಹೇಳುವಾಗ ನನಗೆ ಜಾವಾ, ಯೆಜ್ಡಿ ನೆನಪಾಗದೆ ಇರುವುದಿಲ್ಲ. ಇಲ್ಲೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತಿತ್ತು. ಹಾಗಾಗಿ ಓಡುವಾಗ ಎಡಗೈ ಸುಮ್ನೆ ಹ್ಯಾಂಡಲ್ ಮೇಲಿಟ್ಟುಕೊಂಡು ಗೇರ್ ಹಾಕುವ ಹಿರಿಯರು ಬೇಕಾದಷ್ಟು ಜನ ಇದ್ದರು. ಆದರೆ ನಿಂತ ಗಾಡಿ ಹೊರಡಿಸುವಾಗ ಅವರೂ ಕ್ಲಚ್ ಲಿವರ್ ಹಿಡಿಯುತ್ತಿದ್ದರು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹುಡುಗರನ್ನು ಪರೀಕ್ಷೆ ಮಾಡುತ್ತಿದ್ದದ್ದೂ ಅದರಲ್ಲೇ. ಗಾಡಿಗೆ ರೇಸ್ ಕೊಡಬೇಡ, ಬರೀ ಐಡ್ಲಿಂಗ್‌ನಲ್ಲಿ ಹೊರಡಿಸು ಅನ್ನುತ್ತಿದ್ದರು. ಆಫ್ ಆಯಿತು ಅಂದರೆ ಆ ದಿನ ಸ್ಪ್ಯಾನರ್ ಒರೆಸುವ ಕೆಲಸ.

ನಿಮಗೂ ಅದೇ ಮೊದಲ ಪಾಠ. ಜಾಗ ಎಲ್ಲಿ ಅಂತ ಕೇಳುತ್ತೀರಿ. ನಿಮ್ಮೂರಲ್ಲಿ ಅಕ್ಕಿ ಗಿರಣಿಗೆ ಬರವಿಲ್ಲ. ಭತ್ತ ಒಣಗಿಸುವ ಸಿಮೆಂಟ್ ಕಣ ಇರುವ ಪರಿಚಯದವರ ಗಿರಣಿ ನೋಡಿ, ಯಜಮಾನರನ್ನು ಕೇಳಿ, ಕೆಲಸ ಇಲ್ಲದ ಭಾನುವಾರ ಹೋಗಿ. ಮೊದಲು ಪೊರಕೆ ಹಿಡಿದು ಗುಡಿಸಿ. ಟಯರ್ ಕೆಳಗೆ ಸಿಕ್ಕ ಭತ್ತದ ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಅಲ್ಲಿ ಪೂರ್ತಿ ಲಾಂಚ್ ಮಾಡಬೇಡಿ. 18 ಮೀಟರ್ ಮುಗಿಯುವಷ್ಟರಲ್ಲಿ ಬೈಕ್ 50 ಕಿ.ಮೀ. ಮೇಲೆ ಹೋಗಿರುತ್ತದೆ, ನಿಲ್ಲಿಸಲು ಜಾಗ ಸಾಲದೆ ಗೋಡೆಗೆ ಹೋಗುತ್ತೀರಿ. ಕಣದಲ್ಲಿ ಕಲಿಯಬೇಕಾದ್ದು ಹಾಫ್ ಕ್ಲಚ್, ಅಂದರೆ ಲಿವರ್ ಅರ್ಧ ಬಿಟ್ಟು ಹಿಡಿಯುವುದು ಮಾತ್ರ.

ಹೆಲ್ಮೆಟ್, ಗ್ಲೌಸ್ ಹಾಕಿಕೊಂಡೇ ಕೂರಿ. ಗ್ಲೌಸ್ ಇಲ್ಲದೆ ಕಲಿತ ಬೆರಳಿಗೆ ಗ್ಲೌಸ್ ಹಾಕಿದ ಮೇಲೆ ಲಿವರ್ ಬೇರೆಯಾಗಿ ಸಿಗುತ್ತದೆ. ಮೊದಲ ಗೇರ್ ಹಾಕಿ, ರೇಸ್ ಕೊಡದೆ ಲಿವರ್ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಎಂಜಿನ್ ಸದ್ದು ಸ್ವಲ್ಪ ದಪ್ಪ ಆಗುತ್ತದೆ, ಚೈನಿನ ಸಡಿಲ ಎಳೆದುಕೊಳ್ಳುತ್ತದೆ, ಬೈಕ್ ಹಿಂಬದಿ ಒಂದು ಕೂದಲಷ್ಟು ಅಲುಗುತ್ತದೆ. ಅಲ್ಲೇ ಬೆರಳು ನಿಲ್ಲಿಸಿ. ಬೈಟ್ ಪಾಯಿಂಟ್ ಅಂದರೆ ಅದು. ಕಣ್ಣು ಮುಚ್ಚಿ ಕೇಳಿದರೂ ಬೆರಳಿಗೆ ಆ ಜಾಗ ಗೊತ್ತಿರಬೇಕು. ಆಮೇಲೆ 3,000 ಆರ್‌ಪಿಎಂ ಹಿಡಿದು ಅದೇ ಕೆಲಸ ಮಾಡಿ. ಮುಳ್ಳು ಅಲುಗದ ಹಾಗೆ ಬೈಕ್ ಹೊರಡಿಸಿ, ನಾಲ್ಕು ಮಾರು ಹೋಗಿ ನಿಲ್ಲಿಸಿ. ಲಿವರ್ ಬಿಡುತ್ತಾ ಹೋದ ಹಾಗೆ ಬಲಗೈ ಅಷ್ಟಷ್ಟೇ ತಿರುಗಿದರೆ ಮಾತ್ರ ಮುಳ್ಳು ನಿಲ್ಲುತ್ತದೆ. ಬೋರು ಹೊಡೆಸುವ ಕೆಲಸ, ಒಪ್ಪುತ್ತೇನೆ.

ಟ್ರ್ಯಾಕ್‌ಗೆ ಹೋದಾಗ ಐದೂವರೆ ಸಾವಿರದಿಂದ ಶುರು ಮಾಡಿ. ಬೈಟ್ ಪಾಯಿಂಟ್‌ವರೆಗೆ ಲಿವರ್ ತಂದು ಚೈನು ಬಿಗಿ ಮಾಡಿಕೊಂಡೇ ಕಾಯಿರಿ. ಹೊರಡುವಾಗ ಲಿವರ್‌ನ ಮೊದಲರ್ಧ ಚುರುಕಾಗಿ, ಉಳಿದರ್ಧ ಬೈಕ್ ಓಡುತ್ತಿರುವಾಗ ಬಿಡಬೇಕು. ಚಕ್ರ ಏಳುತ್ತಿದೆ ಅನ್ನಿಸಿದರೆ ರೇಸ್ ಬಿಡಬೇಡಿ. ರೇಸ್ ಬಿಟ್ಟರೆ ಚಕ್ರ ದಬ್ಬನೆ ಬೀಳುತ್ತದೆ, ಟೈಮೂ ಹೋಗುತ್ತದೆ. ಲಿವರ್ ಒಂದು ಚೂರು ಒಳಕ್ಕೆ ಎಳೆಯಿರಿ, ತಾನೇ ಕೂರುತ್ತದೆ. ಎಂಜಿನ್ ಕುಸಿಯುತ್ತಿದೆ ಅನ್ನಿಸಿದರೂ ಅದೇ ಮದ್ದು: ಒಂದು ಚೂರು ಒಳಕ್ಕೆ, ಆರ್‌ಪಿಎಂ ಮೇಲೆ ಬಂದ ತಕ್ಷಣ ಹೊರಕ್ಕೆ. ಇದು ಕೈಗೆ ಕೂತ ಮೇಲೆ ಓಟಕ್ಕೆ 500ರಂತೆ ಏರಿಸುತ್ತಾ ಹೋಗಿ. ಯಾವುದೋ ಒಂದು ಕಡೆ 60 ಅಡಿ ಟೈಮ್ ಇಳಿಯುವುದು ನಿಂತು ಮತ್ತೆ ಏರತೊಡಗುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ನಿಮ್ಮ ಆರ್‌ಪಿಎಂ. ಒಂದು ಓಟಕ್ಕೆ ಒಂದೇ ಬದಲಾವಣೆ. ಆರ್‌ಪಿಎಂ, ಟಯರ್ ಗಾಳಿ, ಕೂರುವ ರೀತಿ ಮೂರೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಕೂರುವ ವಿಷಯ ಬಂತಲ್ಲ. ಟ್ಯಾಂಕಿಗೆ ಅಂಟಿಕೊಂಡು ಮುಂದೆ ಬನ್ನಿ, ಎದೆ ತಗ್ಗಿಸಿ, ಮೊಣಕೈ ಮಡಚಿರಲಿ. ಹಿಂದೆ ಕೂತು ಹ್ಯಾಂಡಲ್‌ಗೆ ಜೋತುಬಿದ್ದರೆ ಬೈಕ್ ಜಿಗಿದಾಗ ನಿಮ್ಮ ಮೈ ಹಿಂದಕ್ಕೆ ಹೋಗುತ್ತದೆ, ಬಲಗೈ ತಾನಾಗಿ ರೇಸ್ ತಿರುಚುತ್ತದೆ. ಮುಂದಿನ ಚಕ್ರ ಎದ್ದ ನಿಮ್ಮ ಓಟದಲ್ಲಿ ಇದೂ ಸೇರಿರಬಹುದು, ವಿಡಿಯೊ ಇದ್ದರೆ ನೋಡಿ. ಎರಡೂ ಕಾಲು ನೆಲದಲ್ಲಿರಲಿ, ಬೈಕ್ ನೇರ ಹೋಗುತ್ತಿದೆ ಅಂತಾದ ಮೇಲೆ ಎತ್ತಿ. ಎಡಗಾಲು ಮಾತ್ರ ಬೇಗ ಬರಲಿ, ಎರಡನೇ ಗೇರ್ ಕಾಯುತ್ತಿರುತ್ತದೆ.

ದೀಪಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ 1963ರಲ್ಲಿ ಬಂದ ‘ಕ್ರಿಸ್‌ಮಸ್ ಟ್ರೀ’ ಎಂಬ ಆ ದೀಪದ ಕಂಬದಲ್ಲಿ ಎರಡು ಕ್ರಮ ಇವೆ. ಒಂದರಲ್ಲಿ ಮೂರು ಹಳದಿ ದೀಪ ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಹತ್ತಿ, ಮತ್ತೆ ಅರ್ಧ ಸೆಕೆಂಡಿಗೆ ಹಸಿರು. ಇನ್ನೊಂದರಲ್ಲಿ ಮೂರೂ ಒಟ್ಟಿಗೆ ಹತ್ತಿ 0.4 ಸೆಕೆಂಡಿಗೆ ಹಸಿರು. ಮೊದಲನೇ ಕ್ರಮದಲ್ಲಿ ಹಸಿರು ಕಂಡ ಮೇಲೆ ಹೊರಟರೆ ನೀವು ತಡ. ಮೂರನೇ ಹಳದಿ ಹತ್ತಿದ್ದು ಕಂಡಾಗಲೇ ಕ್ಲಚ್ ಬಿಡಬೇಕು. ನಿಮ್ಮ ಕಣ್ಣು, ಬೆರಳು, ಬೈಕ್ ಎಲ್ಲ ಸೇರಿ ಆ ಅರ್ಧ ಸೆಕೆಂಡನ್ನು ತಿಂದುಬಿಡುತ್ತವೆ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಓಟದ ಟೈಮ್ ಶುರುವಾಗುವುದು ಮುಂದಿನ ಚಕ್ರ ಸ್ಟೇಜ್ ಬೀಮ್ (ಹೊರಡುವ ಗೆರೆಯ ಮೇಲಿನ ಬೆಳಕಿನ ಕಿರಣ) ಬಿಟ್ಟಾಗ. ದೀಪ ನೋಡಿ ನೀವು ತಡ ಮಾಡಿದ್ದು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಕಲಿಯುವ ದಿನ ದೀಪದ ಚಿಂತೆ ಬಿಟ್ಟು, ನಿಧಾನಕ್ಕೆ ಉಸಿರು ತೆಗೆದುಕೊಂಡು ಲಾಂಚ್ ಮಾಡಿ. ಜೋಡಿ ಓಟದ ದಿನ ದೀಪ ನೋಡಿದರಾಯಿತು. ಅವತ್ತು ಗೆಲ್ಲುವುದು ಯಾರು ಮೊದಲು ಗೆರೆ ದಾಟಿದರೋ ಅವರು.

ಸ್ಪ್ರಾಕೆಟ್ ಈಗ ಬೇಡ. ಹಿಂದೆ ಹಲ್ಲು ಜಾಸ್ತಿ ಮಾಡಿದರೆ ಹೊರಡುವುದು ಸುಲಭ, ನಿಜ. ಚಕ್ರ ಏಳುವುದೂ ಸುಲಭ, ಗೇರ್ ಬೇಗ ಮುಗಿಯುತ್ತದೆ. ಸತತವಾಗಿ ನಾಲ್ಕೈದು ಓಟದ 60 ಅಡಿ ಟೈಮ್ ಒಂದೇ ಥರ ಬಂದ ಮೇಲೆ ಯೋಚನೆ ಮಾಡಿ. ಆ ದುಡ್ಡಿಗೆ ಈಗ ಕ್ಲಚ್ ಕೇಬಲ್ ಹೊಸದು ಹಾಕಿಸಿ, ಚೈನಿನ ಸಡಿಲ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟಕ್ಕೆ ತನ್ನಿ. ಎಂಜಿನ್ ಆಯಿಲ್ ಡಬ್ಬದ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಬೈಕಿನ ಕ್ಲಚ್ ಪ್ಲೇಟು ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಪ್ಲೇಟು ಜಾರುವ ಅಪಾಯ ಇದೆ. ಮೇಲಿಂದ ಮೇಲೆ ಲಾಂಚ್ ಮಾಡಿದರೆ ಪ್ಲೇಟು ಕಾದು ಲಿವರ್‌ನ ಆಟ ಬದಲಾಗುತ್ತದೆ, ನೀವು ಕಲಿತ ಬೈಟ್ ಪಾಯಿಂಟ್ ಜರುಗುತ್ತದೆ. ನಡುವೆ ಬೈಕ್ ಆರಲು ಬಿಡಿ. ಪ್ರತಿ ಓಟಕ್ಕೆ ಮುಂಚೆ ಲಿವರ್ ಒಮ್ಮೆ ಆಡಿಸಿ ನೋಡಿ.

ಪ್ರಶ್ನೆ: ನನ್ನ ಮಗ ಬಿ.ಇ. ಓದುತ್ತಿದ್ದಾನೆ. ಡ್ರ್ಯಾಗ್ ರೇಸಿಗೆ ಹೋಗುತ್ತೇನೆ ಅಂತ ಒಂದೇ ಹಟ. ಅವರಪ್ಪ ಮಾತು ಬಿಟ್ಟಿದ್ದಾರೆ. ಕಳಿಸಬಹುದಾ ಸಾರ್?
— ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಎಲ್ಲಿಗೆ ಹೋಗುತ್ತಾನೆ ಅಂತ ಮೊದಲು ಕೇಳಿ ಅಮ್ಮ. ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಒಕ್ಕೂಟ ಎಫ್‌ಎಂಎಸ್‌ಸಿಐನ ಅನುಮತಿ ಇರುವ ಸ್ಪರ್ಧೆ ಅಂದರೆ ಕಳಿಸಿ. ಅಲ್ಲಿ ಲೈಸೆನ್ಸ್ ಕೇಳುತ್ತಾರೆ, ಬೈಕ್ ತಪಾಸಣೆ ಮಾಡುತ್ತಾರೆ, ಆಂಬುಲೆನ್ಸ್ ನಿಂತಿರುತ್ತದೆ, ಎದುರಿನಿಂದ ಬಸ್ ಬರುವುದಿಲ್ಲ. ‘ಫ್ರೆಂಡ್ಸ್ ಸೇರಿಕೊಂಡು ಮಾಡುತ್ತಿದ್ದೇವೆ’ ಅಂದರೆ ಬೈಕಿನ ಕೀ ತೆಗೆದು ಬೀರುವಿನಲ್ಲಿಡಿ. ಕಳಿಸುವುದಾದರೆ ಖರ್ಚು ಮೊದಲು ಮೈಗೆ, ಆಮೇಲೆ ಬೈಕಿಗೆ. ಐಎಸ್‌ಐ ಗುರುತಿನ ಮುಖ ಮುಚ್ಚುವ ಹೆಲ್ಮೆಟ್, ಲೆದರ್ ಸೂಟು, ಗ್ಲೌಸು, ಪಾದದ ಗಂಟು ಮುಚ್ಚುವ ಬೂಟು. ಲೆದರ್ ಸೂಟಿನ ಬೆಲೆ ಕೇಳಿದ ಮೇಲೆ ಅರ್ಧ ಹುಡುಗರ ಹಟ ಇಳಿದಿದ್ದು ನೋಡಿದ್ದೇನೆ. ಇಳಿಯದಿದ್ದರೆ ಅಪ್ಪನನ್ನೂ ಜೊತೆಗೆ ಕಳಿಸಿ. ಟೈಮ್ ಬರೆದುಕೊಳ್ಳಲು ಒಬ್ಬರು ಬೇಕೇ ಬೇಕು, ಮಾತೂ ಶುರುವಾಗುತ್ತದೆ.

ಪ್ರಶ್ನೆ: ನನ್ನ ಯಮಹಾ ಆರ್15 ಬೈಕಿನಲ್ಲಿ ಅಸಿಸ್ಟ್ ಅಂಡ್ ಸ್ಲಿಪ್ಪರ್ ಕ್ಲಚ್ ಇದೆ. ಲಾಂಚ್‌ಗೆ ಪ್ಲಸ್ ಪಾಯಿಂಟ್ ಅಲ್ವಾ?
— ಓದುಗ, ಶ್ರೀರಂಗಪಟ್ಟಣ

ಉತ್ತರ: ಸ್ಲಿಪ್ಪರ್ ಭಾಗ ಕೆಲಸ ಮಾಡುವುದು ಗೇರ್ ಇಳಿಸುವಾಗ, ಹಿಂದಿನ ಚಕ್ರ ಎಂಜಿನ್ನನ್ನು ತಳ್ಳುತ್ತಿರುವಾಗ. ಹೊರಡುವಾಗ ಅದಕ್ಕೆ ಕೆಲಸ ಇಲ್ಲ. ಅಸಿಸ್ಟ್ ಭಾಗದಿಂದ ಲಿವರ್ ಹಗುರ ಆಗಿದೆ, ಅಷ್ಟು ಲಾಭ ಖಂಡಿತ ಇದೆ. ಆದರೆ ನಿಮ್ಮದು 155 ಸಿಸಿ, ಅದರ ವಿವಿಎ (ಆರ್‌ಪಿಎಂ ಏರಿದಾಗ ವಾಲ್ವ್ ತೆರೆಯುವ ರೀತಿ ಬದಲಿಸುವ ವ್ಯವಸ್ಥೆ) ತೆರೆದುಕೊಳ್ಳುವುದು 7,400 ಆರ್‌ಪಿಎಂ ಹತ್ತಿರ. ಮಂಡ್ಯದ ತಮ್ಮನಿಗಿಂತ ಸ್ವಲ್ಪ ಮೇಲಿನ ಆರ್‌ಪಿಎಂನಿಂದ ಶುರು ಮಾಡಿ, ಹಾಫ್ ಕ್ಲಚ್ ಇನ್ನೂ ಸ್ವಲ್ಪ ದೂರ ಎಳೆಯಬೇಕಾಗುತ್ತದೆ.